ಗಾಳಿ ಅಳೆಯುವವರು ಗೂಡನ್ನೂ ಎಣಿಸಲಿ

ಕಪ್ಪತಗುಡ್ಡದ ಬಗ್ಗೆ ಮಾತು ಬಂದರೆ ನಮ್ಮ ಕಡೆ ಎರಡು ಉತ್ತರ ಸಿಗುತ್ತವೆ. ಒಂದು, "ಔಷಧಿ ಸಸ್ಯಗಳ ಖಣಿ". ಇನ್ನೊಂದು, "ಅಲ್ಲೇನೈತ್ರಿ, ಬರೀ ಕಲ್ಲು-ಮುಳ್ಳು". ಎರಡನೆಯದನ್ನು ಸರ್ಕಾರಿ ಕಾಗದಗಳೂ ಹೇಳುತ್ತವೆ. ದೇಶದ ಬಂಜರು ಭೂಮಿ ನಕಾಶೆಯಲ್ಲಿ ಕುರುಚಲು ಬಯಲಿಗೂ ಒಂದು ಕಾಲಂ ಇದೆ. ಬಂಜರು ಅಂದಮೇಲೆ ಅಲ್ಲಿ ಏನು ನಿಲ್ಲಿಸಿದರೂ ನಡೀತದೆ ಅನ್ನೋ ಭಾವನೆ ತಾನಾಗಿಯೇ ಬರುತ್ತದೆ.

ಆದರೆ ಹದ್ದು, ಗಿಡುಗಗಳಿಗೆ ಬೇಕಾಗಿರುವುದೇ ಇಂಥ ಬಯಲು. ದಟ್ಟ ಕಾಡಿನಲ್ಲಿ ಅವಕ್ಕೆ ಇಲಿ, ಓತಿಕ್ಯಾತ, ಹಾವು ಕಾಣುವುದಿಲ್ಲ. ಹಾವುಗಿಡುಗ ಗಿಡ್ಡ ಮರದ ನೆತ್ತಿಯ ಮೇಲೆ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಕೊಂಬಿನ ಗೂಬೆ ಗೂಡನ್ನೇ ಕಟ್ಟುವುದಿಲ್ಲ, ಕಲ್ಲಿನ ಚಾಚಿನ ಮೇಲೆ ಮೊಟ್ಟೆ ಇಟ್ಟುಬಿಡುತ್ತದೆ. ಮಾಗಡಿ ಕೆರೆಗೆ ಬರುವ ಪಟ್ಟೆ ತಲೆಯ ಹೆಬ್ಬಾತುಗಳನ್ನು ನೋಡಲು ಶಿರಹಟ್ಟಿ, ಲಕ್ಷ್ಮೇಶ್ವರದ ಜನ ಮಕ್ಕಳನ್ನು ಕರಕೊಂಡು ಹೋಗುತ್ತಾರೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಹಾವುಗಿಡುಗಕ್ಕೆ ಅಂಥ ಅಭಿಮಾನಿಗಳಿಲ್ಲ.

ಕಪ್ಪತಗುಡ್ಡದ ಸುಮಾರು 244 ಚದರ ಕಿ.ಮೀ. 2019ರಲ್ಲಿ ವನ್ಯಜೀವಿ ಧಾಮವಾಯಿತು. ಅದು ಜನರ ಹೋರಾಟದ ಫಲ. ಆದರೆ ಗೆರೆ ಎಲ್ಲಿದೆ ಎಂದು ಹಕ್ಕಿಗೆ ಗೊತ್ತಿಲ್ಲ. ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿಯಲ್ಲೇ ಅದು ರೆಕ್ಕೆ ಬಡಿಯದೆ ತೇಲುತ್ತದೆ. ಗಾಳಿ ಫ್ಯಾನು ಬೇಡುವುದೂ ಅದೇ ಗಾಳಿಯನ್ನು. ಜಗಳ ಇರುವುದು ಇಲ್ಲಿ.

ನಾವು ಗಾಳಿ ವಿದ್ಯುತ್ತಿನ ವಿರೋಧಿಗಳಲ್ಲ. ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಅದೇ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವವರು. ಆದರೆ ಸಾತಾರಾ ಹತ್ತಿರದ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿ ಮಾರಿಯಾ ಠಾಕರ್ ಮತ್ತು ಸಂಗಡಿಗರು ಕಂಡದ್ದನ್ನು ಮರೆಯುವ ಹಾಗಿಲ್ಲ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಫ್ಯಾನು ಇಲ್ಲದ ಕಡೆ ಬೇಟೆ ಹಕ್ಕಿಗಳು ಹೆಚ್ಚುಕಡಿಮೆ 4 ಪಟ್ಟು ಹೆಚ್ಚು. ಫ್ಯಾನು ಇದ್ದ ಕಡೆ ಹಕ್ಕಿ ಕಡಿಮೆಯಾಗಿ ಓತಿಕ್ಯಾತ ಹೆಚ್ಚಿದ್ದವು.

ಹಾಗಾದರೆ ಏನು ಮಾಡಬೇಕು? ಮೊದಲು ಎಣಿಸಬೇಕು. ಹಾರುವ ಹದ್ದನ್ನು ಎಣಿಸಿದರೆ ಸಾಲದು, ಗೂಡಿನಿಂದ ಮರಿ ಹಾರಿತೋ ಇಲ್ಲವೋ ನೋಡಬೇಕು. ಇದರಲ್ಲೊಂದು ತೊಡಕಿದೆ. ಮೊದಲ ವಾರವೇ ಹಾಳಾದ ಗೂಡು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಹಾಗಾಗಿ ಕಂಡ ಗೂಡುಗಳ ಲೆಕ್ಕ ಯಾವಾಗಲೂ ಚಲೋನೇ ಕಾಣುತ್ತದೆ. 1961ರಲ್ಲಿ ಅಮೆರಿಕದ ಹೆರಾಲ್ಡ್ ಮೇಫೀಲ್ಡ್ ಇದಕ್ಕೆ ದಾರಿ ತೋರಿಸಿದರು: ಗೂಡು ಒಂದೊಂದು ದಿನ ಉಳಿಯುವ ಸಾಧ್ಯತೆ ಲೆಕ್ಕ ಹಾಕಿ, ಅದನ್ನು ಮೊಟ್ಟೆಯಿಂದ ಹಾರುವವರೆಗಿನ ದಿನಗಳಷ್ಟು ಸಲ ಗುಣಿಸಿ. ದೊಡ್ಡ ಗಿಡುಗಕ್ಕೆ ಸುಮಾರು 100 ದಿನ ಬೇಕು ಅನ್ನಿ. ದಿನಕ್ಕೆ 0.99 ಇದ್ದರೆ ಕೊನೆಗೆ ಉಳಿಯುವುದು 0.37. ಅದೇ 0.98ಕ್ಕೆ ಇಳಿದರೆ 0.13! ರಿಲಯಬಿಲಿಟಿ ಪಾಠ ಓದಿದ ಯಾರಿಗೂ ಇದು ಹೊಸದಲ್ಲ. ದಿನಕ್ಕೆ ಒಂದು ಪಾಲು ತೊಂದರೆ ಹೆಚ್ಚಿದರೆ ಮರಿಗಳು ಮೂರರಲ್ಲಿ ಒಂದಕ್ಕೆ ಬರುತ್ತವೆ.

"ಸರ್ವೇಗೆ ಟೈಮ್ ಎಲ್ಲೈತಿ?" ಅನ್ನುವವರಿಗೆ ನಮ್ಮ ಉತ್ತರ ಇಷ್ಟೇ. ಫ್ಯಾನು ನಿಲ್ಲಿಸುವ ಮೊದಲು ಕಂಬ ನೆಟ್ಟು ವರ್ಷಗಟ್ಟಲೆ ಗಾಳಿ ಅಳೆಯುತ್ತೀರಲ್ಲ, ಆ ವರ್ಷದಲ್ಲೇ ಗೂಡನ್ನೂ ಎಣಿಸಿ. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆ ಇಲ್ಲ, ಆದ್ದರಿಂದ ಈಗ ಆ ಅಧಿಸೂಚನೆಯಡಿ ಕೇಳುವವರಿಲ್ಲ. ಕೇಳುವ ಹಾಗೆ ಆಗಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ಹಳೇ ಅಟೆಂಡೆನ್ಸ್ ಆ್ಯಪ್ ಮಾಡುವ ಬದಲು ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ ಗೂಡುಗಳ ನಕಾಶೆ ಮಾಡೋಣ. ಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಪಡೆದು, ದೂರದಿಂದ ದುರ್ಬೀನಿನಲ್ಲಿ ನೋಡೋಣ. ಗೂಡಿನ ಹತ್ತಿರ ಡ್ರೋನ್ ಬೇಡವೇ ಬೇಡ. ಗೂಡಿನ ಜಾಗ ಇನ್‌ಸ್ಟಾಗ್ರಾಮಿಗೂ ಹೋಗಬಾರದು. ಕುರಿ ಕಾಯುವವರನ್ನು ಜೊತೆಗೆ ಸೇರಿಸಿಕೊಳ್ಳೋಣ. ಗುಡ್ಡ ದಿನಾ ನೋಡುವವರು ಅವರೇ. ಸೋತ ಗೂಡುಗಳನ್ನೂ ಬರೆದಿಡೋಣ, ಯಾಕಂದರೆ ಫ್ಯಾನು ಎಲ್ಲಿ ನಿಲ್ಲಬಾರದು ಅಂತ ಹೇಳುವುದು ಅವೇ.