ಎದಿರ್ನೆಯ ಆರೋಗ್ಯಧಾಮ

ತುರ್ಕಿ ದೇಶವನ್ನು ನೋಡಿ ಬಂದವರನ್ನು ವಿಚಾರಿಸಿದರೆ ಇಸ್ತಾಂಬುಲಿನ ಹಾಗಿಯಾ ಸೋಫಿಯಾ, ಸುಲ್ತಾನರ ಅರಮನೆ, ಕಪ್ಪದೋಕಿಯಾದ ಬೆಲೂನು ವಿಹಾರ ಇವೇ ಮಾತುಗಳು ಕೇಳಿಬರುತ್ತವೆ. ಎದಿರ್ನೆ ಎಂಬ ಊರಿನ ಹೆಸರೆತ್ತುವವರು ವಿರಳ. ಗ್ರೀಸ್ ಮತ್ತು ಬಲ್ಗೇರಿಯ ದೇಶಗಳ ಗಡಿಗೆ ಸಮೀಪವಾಗಿರುವ ಈ ಪಟ್ಟಣ ಇಸ್ತಾಂಬುಲಿನಿಂದ ಸುಮಾರು 240 ಕಿಲೋಮೀಟರು. 1453ರಲ್ಲಿ ಇಂದಿನ ಇಸ್ತಾಂಬುಲ್ ಕೈವಶವಾಗುವವರೆಗೆ ಆಟೊಮನ್ ಸುಲ್ತಾನರಿಗೆ ಇದೇ ರಾಜಧಾನಿಯಾಗಿತ್ತು.

ಇಲ್ಲಿಗೆ ಬರುವ ಪ್ರವಾಸಿಗರ ದೃಷ್ಟಿಯನ್ನು ಮೊದಲು ಸೆಳೆಯುವುದು ಸೆಲೀಮಿಯೆ ಮಸೀದಿ. ಶಿಲ್ಪಿ ಸಿನಾನನು ತನ್ನ ವೃದ್ಧಾಪ್ಯದಲ್ಲಿ ಕಟ್ಟಿ 1575ರಲ್ಲಿ ಪೂರೈಸಿದ ಕೃತಿಯಿದು. ಅದರ ಗುಮ್ಮಟದ ಕೆಳಗೆ ನಿಂತು ಬೆರಗಾಗದವರಿಲ್ಲ. ಬಳಿಕ ಊಟದ ಚಿಂತೆ. ಊರಿನ ಹೆಗ್ಗಳಿಕೆಯ ತಿನಿಸು ಹುರಿದ ಪಿತ್ತಜನಕಾಂಗ. ಸಸ್ಯಾಹಾರಿ ಕನ್ನಡಿಗರು ರೊಟ್ಟಿ, ಮೊಸರಿನಲ್ಲಿ ತೃಪ್ತಿಪಡಬೇಕಾಗುತ್ತದೆ. ಅಲ್ಲಿಗೆ ಹಲವರ ಎದಿರ್ನೆ ದರ್ಶನ ಮುಗಿಯಿತು. ತುಂಜಾ ನದಿಯ ದಡಕ್ಕೆ ಹೋಗುವ ತಾಳ್ಮೆಯುಳ್ಳವರು ಕೆಲವರೇ.

ಆ ದಡದಲ್ಲಿರುವುದು ಸುಲ್ತಾನ ಎರಡನೆಯ ಬಾಯಜೀದನ ಕಟ್ಟಡಗಳ ಸಮುಚ್ಚಯ. 1484ರಲ್ಲಿ ಆರಂಭವಾಗಿ 1488ರಲ್ಲಿ ಪೂರ್ಣಗೊಂಡ ಇದರಲ್ಲಿ ಮಸೀದಿ, ಅನ್ನಛತ್ರ, ವೈದ್ಯಶಾಲೆ ಹಾಗೂ ದಾರುಶ್ಶಿಫಾ, ಅರ್ಥಾತ್ ಆರೋಗ್ಯಧಾಮ, ಇವೆಲ್ಲ ಒಂದೆಡೆ ಸೇರಿವೆ. ಆಸ್ಪತ್ರೆಯ ಮುಖ್ಯ ಮಂದಿರ ಷಟ್ಕೋನಾಕಾರದ್ದು. ನಡುವೆ ಕಾರಂಜಿ, ಮೇಲೆ ಬೆಳಕಿಂಡಿಯುಳ್ಳ ಗುಮ್ಮಟ, ಸುತ್ತಲೂ ರೋಗಿಗಳ ಕೋಣೆಗಳು, ಒಂದು ಪಕ್ಕದಲ್ಲಿ ವಾದ್ಯಗಾರರ ಜಗಲಿ. ಅಲ್ಲಿ ಹೊರಟ ನಾದ ಎಲ್ಲ ಕೋಣೆಗಳಿಗೂ ಮುಟ್ಟುವ ಹಾಗೆ ಕಟ್ಟಲಾಗಿದೆ. ಹದಿನೇಳನೆಯ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಇದನ್ನು ಕಂಡು, ಹತ್ತು ಮಂದಿ ಕಲಾವಿದರು ವಾರಕ್ಕೆ ಮೂರು ದಿನ ಮನೋರೋಗಿಗಳಿಗಾಗಿ ಹಾಡಿ ನುಡಿಸುತ್ತಿದ್ದರೆಂದೂ, ಸುವಾಸನೆಯ ಹೂಗಳನ್ನು ಅವರಿಗೆ ಕೊಡುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. 1997ರಲ್ಲಿ ಇದು ತ್ರಾಕ್ಯಾ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯವಾಯಿತು. 2004ರಲ್ಲಿ ಯೂರೋಪ್ ಪರಿಷತ್ತಿನ ಪ್ರಶಸ್ತಿಯನ್ನೂ ಪಡೆಯಿತು.

ಇದನ್ನು ನೋಡಿದವರು ಮರಳಿ ಬಂದು, ಸಂಗೀತದಿಂದಲೇ ಹುಚ್ಚು ವಾಸಿಯಾಗುತ್ತಿತ್ತು ಎಂದು ಸಾರುವುದುಂಟು. ಇದು ಅವಸರದ ಮಾತು. ಸಂಗೀತ ಮನಸ್ಸಿಗೆ ಸಮಾಧಾನ ತರಬಲ್ಲುದು, ಚಿಕಿತ್ಸೆಗೆ ಒತ್ತಾಸೆಯಾಗಬಲ್ಲುದು; ತೀವ್ರ ಮನೋರೋಗಕ್ಕೆ ವೈದ್ಯರೂ ಔಷಧಿಯೂ ಬೇಕೇ ಬೇಕು. ಆ ಕಾಲದಲ್ಲಿಯೂ ಅಲ್ಲಿ ವೈದ್ಯರಿದ್ದರು, ಮದ್ದುಗಳಿದ್ದವು. ಅಲ್ಲದೆ ಅದೇ ಎವ್ಲಿಯಾ, ಕೆಲವು ರೋಗಿಗಳ ಕೊರಳಿಗೆ ಸರಪಳಿಯಿತ್ತೆಂಬುದನ್ನೂ ಮರೆಮಾಚಿಲ್ಲ. ಮೇಣದ ಬೊಂಬೆಗಳ ಚಿತ್ರ ತೆಗೆದುಕೊಂಡು ಹೊರಡುವವರಿಗೆ ಈ ಸರಪಳಿ ಕಾಣದು. ಅಷ್ಟಾದರೂ, ಬುದ್ಧಿ ಕೆಟ್ಟವನೂ ಬೆಳಕು, ನೀರಿನ ಸದ್ದು, ಹೂವಿನ ಕಂಪುಗಳಿಗೆ ಹಕ್ಕುದಾರನೆಂದು ಐನೂರು ವರ್ಷಗಳ ಹಿಂದೆಯೇ ಬಗೆದದ್ದು ಸಾಮಾನ್ಯವಲ್ಲ.

ದಾರುಶ್ಶಿಫಾ ಎಂಬ ಹೆಸರು ಹೈದರಾಬಾದಿನ ಕನ್ನಡಿಗರಿಗೆ ಅಪರಿಚಿತವಲ್ಲ. ಕುತುಬ್ ಷಾಹಿ ಕಾಲದ ಆಸ್ಪತ್ರೆಯಿಂದ ಹೆಸರು ಪಡೆದ ಬಡಾವಣೆ ಅಲ್ಲಿದೆ. ಎದಿರ್ನೆಗಿಂತ ಮೊದಲೇ ಬೀದರಿನಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹಮದನು ಆಸ್ಪತ್ರೆ ಕಟ್ಟಿಸಿದ್ದನು. ಹೀಗಿದ್ದೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಕಾರಣ ತಪ್ಪಿಸಿಕೊಳ್ಳಲಾರದೆ 28 ಮನೋರೋಗಿಗಳು ಸುಟ್ಟುಹೋದರು. ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ನಿಷೇಧಿಸಿದೆ. ಆದರೆ ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ, ನೆಂಟರು ಬಂದಾಗ ಒಳಕೋಣೆಯ ಬಾಗಿಲು ಮುಚ್ಚಿಟ್ಟು, "ಅವನಿಗೆ ಸ್ವಲ್ಪ ಜ್ವರ" ಎಂದು ಸಾಗಹಾಕುವುದನ್ನು ಯಾವ ಕಾಯಿದೆ ತಡೆದೀತು? ಊರಿನಲ್ಲಾದರೆ ಅಜ್ಜಿ, ಚಿಕ್ಕಪ್ಪ, ನೆರೆಹೊರೆ ಇರುತ್ತಿದ್ದರು; ಇಲ್ಲಿ ಆ ಭಾರವೆಲ್ಲ ಒಬ್ಬ ತಾಯಿಯ ಮೇಲೋ ಹೆಂಡತಿಯ ಮೇಲೋ ಬೀಳುತ್ತದೆ. ವೈದ್ಯರಲ್ಲಿಗೆ ಹೋಗುವುದಕ್ಕೂ ಸಂಕೋಚ, ಸಂಘದ ಗೆಳೆಯರಲ್ಲಿ ಹೇಳಿಕೊಳ್ಳುವುದಕ್ಕೂ ಸಂಕೋಚ.

ತುರ್ಕಿಗೆ ಹೊರಡುವವರು ಎದಿರ್ನೆಗೆ ಒಂದು ದಿನವನ್ನು ಮೀಸಲಿಡಬಹುದು. ಇಸ್ತಾಂಬುಲಿನಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಮೂರು ಗಂಟೆಯ ದಾರಿ; ರಾತ್ರಿಗೆ ಮರಳಲು ಅಡ್ಡಿಯಿಲ್ಲ. ಸೆಲೀಮಿಯೆಯಲ್ಲಿ ಸಮಯವೆಲ್ಲ ಕಳೆಯದೆ, ಷಟ್ಕೋನ ಮಂದಿರದ ಕಾರಂಜಿಯ ಬಳಿ ಅರ್ಧ ಗಂಟೆಯಾದರೂ ಸುಮ್ಮನೆ ನಿಲ್ಲುವಷ್ಟು ಬಿಡುವಿಟ್ಟುಕೊಂಡು ಹೋಗುವುದು ಮೇಲು.