ಎರಡನೇ ಸ್ಪೈಡರ್ ಮ್ಯಾನ್ ಯಾಕೆ ಮೊದಲನೆಯದಕ್ಕಿಂತ ಮೇಲು?

'ಎರಡನೇ ಭಾಗ' ಅಂದ ಕೂಡಲೇ ನಮಗೆಲ್ಲ ಒಂದು ಅನುಮಾನ. ಮೊದಲನೆಯದು ದುಡ್ಡು ಮಾಡಿತಲ್ಲ, ಈಗ ಅದೇ ಸಾರಿಗೆ ಇನ್ನೊಂದು ಒಗ್ಗರಣೆ ಹಾಕಿ ಬಡಿಸ್ತಾರೆ ಅಂತ. ಬಹಳಷ್ಟು ಸಲ ಅದು ನಿಜವೂ ಹೌದು. ಸೂಪರ್ ಹೀರೋ ಸಿನಿಮಾಗಳಲ್ಲಂತೂ ಕೇಳೋದೇ ಬೇಡ. ಮೊದಲು ಒಬ್ಬ ಖಳನಾಯಕ ಇದ್ದರೆ ಆಮೇಲೆ ಇಬ್ಬರು, ಮೊದಲು ಹತ್ತು ಕಟ್ಟಡ ಬಿದ್ದರೆ ಆಮೇಲೆ ಇಪ್ಪತ್ತು! ಆದರೆ ಸ್ಯಾಮ್ ರೈಮಿ 2004ರಲ್ಲಿ ಮಾಡಿದ 'ಸ್ಪೈಡರ್ ಮ್ಯಾನ್ 2' ಆ ಜಾತಿಗೆ ಸೇರಿದ್ದಲ್ಲ. ಅವನದೇ 2002ರ ಮೊದಲ ಚಿತ್ರಕ್ಕಿಂತ ಅದು ಒಂದು ಕೈ ಮೇಲು ಅನ್ನೋದು ನನ್ನ ವಾದ.

ಮೊದಲನೆಯದನ್ನು ತೆಗೆದುಹಾಕುವ ಹಾಗಿಲ್ಲ ಬಿಡಿ. ಜೇಡ ಕಚ್ಚಿದ ಹುಡುಗ ಗೋಡೆ ಹತ್ತೋದು, ಮಣಿಕಟ್ಟಿನಿಂದ ಬಲೆ ಚಿಮ್ಮೋದು ನೋಡಿ ಅವನಷ್ಟೇ ನಾವೂ ಬೆರಗಾಗ್ತೀವಿ. 'ನನಗೇನು' ಅಂತ ಅವನು ಬಿಟ್ಟುಬಿಟ್ಟ ಕಳ್ಳನಿಂದಲೇ ಬೆನ್ ಚಿಕ್ಕಪ್ಪ ಸತ್ತ ಅಂತ ಗೊತ್ತಾಗುವಾಗ ಗಂಟಲು ಕಟ್ಟುತ್ತೆ. ವಿಲೆಮ್ ಡಫೋ ಕನ್ನಡಿಯಲ್ಲಿ ತನ್ನ ಜೊತೆಗೇ ಮಾತಾಡೋ ದೃಶ್ಯವಂತೂ ಅದ್ಭುತ. ಅಂಥ ನಟನಿಗೆ ಹಸಿರು ಮುಖವಾಡ ತೊಡಿಸಿ ಮುಖವನ್ನೇ ಮುಚ್ಚಿಬಿಟ್ಟರು. ಚಾವಣಿ ಮೇಲೆ ಅವನೂ ಸ್ಪೈಡರ್ ಮ್ಯಾನೂ ಮಾತಾಡುವಾಗ ಎರಡು ಮುಖವಾಡಗಳು ಎದುರುಬದುರು ಕೂತಹಾಗೆ ಕಾಣುತ್ತೆ.

ಆದರೂ ಮೊದಲ ಚಿತ್ರ ಕೇಳೋ ಪ್ರಶ್ನೆ ಇಷ್ಟೇ: ಇವನು ಸ್ಪೈಡರ್ ಮ್ಯಾನ್ ಆಗಿದ್ದು ಹೇಗೆ? ಎರಡನೆಯದು ಕೇಳೋದು ಬೇರೆ: ಇವನು ಯಾಕೆ ಇದನ್ನು ಮುಂದುವರಿಸಬೇಕು? ಯಾರೂ ಸಂಬಳ ಕೊಡಲ್ಲ, ಪತ್ರಿಕೆಯವರು ಬಯ್ತಾರೆ, ಬದುಕು ಮೂರಾಬಟ್ಟೆ ಆಗ್ತಿದೆ. ಇದು ದೊಡ್ಡ ಪ್ರಶ್ನೆ, ಕಷ್ಟದ ಪ್ರಶ್ನೆ.

ಶುರುವಾಗೋದೇ ಹೇಗೆ ನೋಡಿ. ಪೀಟರ್ ಪಾರ್ಕರ್ (ಟೋಬಿ ಮಗ್ವೈರ್) 29 ನಿಮಿಷದೊಳಗೆ ಪಿಜ್ಜಾ ಮುಟ್ಟಿಸಬೇಕು, ಆಗೋದಿಲ್ಲ, ಕೆಲಸ ಹೋಗುತ್ತೆ. ಅವನನ್ನು ಕೆಲಸದಿಂದ ತೆಗೆಯೋ ಅಂಗಡಿಯ ಅಜೀಜ್ ಪಾತ್ರ ಮಾಡಿದ ಆಸಿಫ್ ಮಾಂಡ್ವಿ ಹುಟ್ಟಿದ್ದು ನಮ್ಮ ಮುಂಬೈಯಲ್ಲೇ! ಆಮೇಲೆ ಕಾಲೇಜಿಗೆ ತಡ, ಮೇರಿ ಜೇನಳ ನಾಟಕಕ್ಕೆ ತಡ. ಮನೆ ಸಾಲ ಕಟ್ಟಲಾಗದೆ ಕಂಗಾಲಾದ ಮೇ ಚಿಕ್ಕಮ್ಮ ಅವನ ಹುಟ್ಟುಹಬ್ಬಕ್ಕೆ ಅಂತ 20 ಡಾಲರ್ ಕೈಗಿಡ್ತಾಳೆ. ಅವನು ಬೇಡ ಅಂದರೆ ಅಳುತ್ತಲೇ ಗದರಿಸಿ ತುರುಕ್ತಾಳೆ. ಅದನ್ನು ಹಿಡಿದು ಬಾಡಿಗೆ ಕೋಣೆಗೆ ಬಂದರೆ ಬಾಗಿಲಲ್ಲೇ ಓನರ್ ಕಿತ್ತುಕೊಳ್ತಾನೆ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಹೊರಡುವಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಕೈಗಿಟ್ಟ ಮಡಚಿದ ನೋಟು ಇಲ್ಲಿ ಬಂದು ಸೇರಿದ್ದು ಎಲ್ಲಿಗೆ ಅಂತ ನಮಗೆ ಗೊತ್ತು.

ಕೊನೆಗೆ ಸಾಕಾಗಿ ಪೀಟರ್ ತನ್ನ ಉಡುಪನ್ನು ಕಸದ ತೊಟ್ಟಿಗೆ ಎಸೀತಾನೆ. ವಿಚಿತ್ರ ಅಂದರೆ ಆಮೇಲೆ ಅವನ ಬದುಕು ಸುಧಾರಿಸುತ್ತೆ! ಓದು ಸರಿಹೋಗುತ್ತೆ, ನಾಟಕಕ್ಕೆ ಹೊತ್ತಿಗೆ ಸರಿಯಾಗಿ ಹೋಗ್ತಾನೆ. ಕರ್ತವ್ಯ ಬಿಟ್ಟವನು ಕೆಟ್ಟುಹೋದ ಅಂತ ಸುಲಭದ ನೀತಿಪಾಠ ಹೇಳದೆ, ಬಿಟ್ಟರೆ ಸುಖವಾಗಿಯೇ ಇರಬಹುದು, ಆದರೂ ಬಿಡಬಹುದಾ ಅಂತ ಕೇಳುತ್ತೆ.

ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯುತ್ತಮ ದೃಶ್ಯದಲ್ಲಿ ಹೊಡೆದಾಟವೇ ಇಲ್ಲ. ಅಡಿಗೆಮನೆಯ ಮೇಜಿನ ಹತ್ತಿರ ಕೂತು, ಚಿಕ್ಕಪ್ಪನ ಸಾವಿಗೆ ತಾನೇ ಕಾರಣ ಅಂತ ಪೀಟರ್ ಚಿಕ್ಕಮ್ಮನಿಗೆ ಹೇಳಿಬಿಡ್ತಾನೆ. ರೋಸ್ಮರಿ ಹ್ಯಾರಿಸ್ ಒಂದು ಮಾತೂ ಆಡಲ್ಲ. ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಎದ್ದು ಮಹಡಿ ಹತ್ತಿ ಹೋಗ್ತಾಳೆ. ಮೊದಲ ಚಿತ್ರ ಹುಟ್ಟಿಸಿದ ಪಾಪಪ್ರಜ್ಞೆಯ ಸಾಲವನ್ನು ಎರಡನೆಯದು ತೀರಿಸೋದು ಇಲ್ಲಿ.

ಖಳನಾಯಕನಲ್ಲೂ ಅಷ್ಟೇ. ಆಲ್ಫ್ರೆಡ್ ಮೊಲಿನಾನ ಬೆನ್ನಿಗೆ ನಾಲ್ಕು ಯಂತ್ರದ ತೋಳುಗಳಿವೆ, ಆದರೆ ಮುಖ ತೆರೆದೇ ಇದೆ. ಹೆಂಡತಿಯನ್ನು ಕಳಕೊಂಡವನ ಸಂಕಟ ಕಾಣುತ್ತೆ. ಮೊದಲ ಚಿತ್ರದ ಗಾಬ್ಲಿನ್ ತನ್ನದೇ ಹಾರುಯಂತ್ರ ಚುಚ್ಚಿ ಸಾಯ್ತಾನೆ. ಇಲ್ಲಿ ಪೀಟರ್ ಮುಖವಾಡ ತೆಗೆದು ಮಾತಿನಲ್ಲಿ ಅವನನ್ನು ಗೆಲ್ತಾನೆ, ಅವನು ತನ್ನ ತಪ್ಪನ್ನು ತಾನೇ ಮುಳುಗಿಸಿ ಸಾಯ್ತಾನೆ. ಇನ್ನು ಆ ರೈಲಿನ ದೃಶ್ಯ... ಮೈಯೆಲ್ಲ ಬಲೆಗೆ ಕೊಟ್ಟು ರೈಲು ನಿಲ್ಲಿಸಿ ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ತಲೆ ಮೇಲೆ ಎತ್ತಿಕೊಂಡು ಒಳಗೆ ಮಲಗಿಸ್ತಾರೆ. ಮುಖವಾಡವಿಲ್ಲದ ಮುಖ ನೋಡಿ, ಇವನಿನ್ನೂ ಚಿಕ್ಕ ಹುಡುಗ ಅಂತ ಸುಮ್ಮನಾಗ್ತಾರೆ.

ಕುಂದುಗಳಿಲ್ಲ ಅಂತಲ್ಲ. ಶಕ್ತಿ ಯಾಕೆ ಹೋಗುತ್ತೆ, ಯಾಕೆ ಬರುತ್ತೆ ಅನ್ನೋದು ಸ್ಪಷ್ಟವಿಲ್ಲ. ಮೇರಿ ಜೇನಳನ್ನು ಮತ್ತೆ ಖಳನಾಯಕನೇ ಹೊತ್ತೊಯ್ಯಬೇಕಿತ್ತಾ? ಆದರೆ 2007ರ ಮೂರನೆಯದರ ಪಕ್ಕ ಇಟ್ಟು ನೋಡಿ. ಮೂವರು ಖಳನಾಯಕರನ್ನು ತುರುಕಿ, ಯಾರಿಗೂ ಜಾಗವಿಲ್ಲದ ಹಾಗೆ ಮಾಡಿದರು. ತಮಾಷೆ ಏನಂದರೆ, ಜಗತ್ತಿನಾದ್ಯಂತ ಗಳಿಕೆಯಲ್ಲಿ ಮೂರರಲ್ಲಿ ಮುಂದಿರೋದು ಅದೇ, ಹಿಂದಿರೋದು ಈ ಎರಡನೆಯದು! ಗಲ್ಲಾಪೆಟ್ಟಿಗೆಗೂ ಗುಣಕ್ಕೂ ಏನು ಸಂಬಂಧ ಹೇಳಿ?

ಮೊದಲ ಚಿತ್ರದ ಕೊನೆಯಲ್ಲಿ ಪೀಟರ್ ಅವಳ ಒಳ್ಳೆಯದಕ್ಕೆ ಅಂತ, ಅವಳನ್ನು ಕೇಳದೇ, ಅವಳ ಪ್ರೀತಿಯನ್ನು ದೂರ ಮಾಡ್ತಾನೆ. ಎರಡನೆಯದರಲ್ಲಿ ಎಲ್ಲ ತಿಳಿದ ಮೇಲೆ ಅವಳೇ ಆರಿಸಿಕೊಂಡು ಬರ್ತಾಳೆ. ಸೈರನ್ ಕೇಳಿ ಅವನು ಹಾರಿಹೋದಾಗ ಕಿಟಕಿಯಲ್ಲಿ ನಿಂತವಳ ನಗು ನಿಧಾನವಾಗಿ ಆರುತ್ತೆ. ಗೆದ್ದ ಮೇಲೂ ಕೊಡಬೇಕಾದ ಬೆಲೆ ಬಾಕಿ ಇದೆ ಅಂತ ಆ ಮುಖಕ್ಕೆ ಗೊತ್ತು. ನಾಯಕ ಆಗೋ ಕಥೆ ಯಾರು ಬೇಕಾದರೂ ಹೇಳಿಯಾರು. ನಾಯಕನಾಗಿ ಉಳಿಯೋ ಕಷ್ಟವನ್ನು, ಅವನ ಜೊತೆ ಬಾಳುವವರ ಕಷ್ಟವನ್ನು ಹೇಳಿದ್ದಕ್ಕೇ ಎರಡನೆಯದಕ್ಕೆ ನನ್ನ ಓಟು. ನೀವೇನಂತೀರಿ?