ಸೋರುವ ಫಿಲ್ಟರ್: ದೋಷ ಮಾಲಿನದಲ್ಲ, ಜೋಡಣೆಯದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಲ್ಲಿ ಉಳುಮೆಗೆ ಟ್ರ್ಯಾಕ್ಟರ್ ಈಗ ಸಾಮಾನ್ಯ. ಆಯಿಲ್ ಬದಲಿಸಿದ ಮೇಲೆ ಫಿಲ್ಟರ್ ಸೋರಿದರೆ ಮಾಲನ್ನು ದೂರುತ್ತೇವೆ. ತಪ್ಪು ಹೆಚ್ಚಾಗಿ ಇರುವುದು ಜೋಡಣೆಯಲ್ಲಿ. ಹಳೆಯ ರಬ್ಬರ್ ವಾಷರ್ ಎಂಜಿನ್‌ಗೇ ಅಂಟಿ ಉಳಿದು, ಅದರ ಮೇಲೆ ಹೊಸದು ಕೂತರೆ ಒತ್ತಡಕ್ಕೆ ಆಯಿಲ್ ಹೊರಚಿಮ್ಮುತ್ತದೆ. ಹಾಗಾಗಿ ಕೂರುವ ಜಾಗ ಒರೆಸಿ, ಹೊಸ ವಾಷರ್‌ಗೆ ಆಯಿಲ್ ಸವರಿ, ತಾಗಿದ ನಂತರ ಫಿಲ್ಟರ್ ಮೇಲೆ ನಮೂದಿಸಿದಷ್ಟೇ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಲ್ಲೇ ಬಿಗಿಮಾಡಬೇಕು. ಸ್ಪಾನರ್ ಹಾಕಿದರೆ ಇನ್ನೂ ಭದ್ರ ಎಂಬ ವಾದವುಂಟು. ಆದರೆ ಅತಿಯಾಗಿ ಬಿಗಿದರೆ ವಾಷರ್ ಹಿಸುಕಿಹೋಗುತ್ತದೆ. ಮುಂದೆ ಬಿಚ್ಚುವುದೂ ಕಷ್ಟ. ನಾಲ್ಕು ಹನಿ ಸೋರಿದರೇನು ಎನ್ನುವವರು, ಆಯಿಲ್ ಇಳಿದ ಎಂಜಿನ್ ಸೀಜ್ ಆಗುವುದನ್ನೂ, ಬಳಸಿದ ಆಯಿಲನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಗೆ ಸೇರಿಸಿರುವುದನ್ನೂ ಮರೆಯಬಾರದು. ತೆಂಗಿನ ಪಾತಿಗೆ ಅದು ಬೀಳುವುದು ಬೇಡ. ಎಂಜಿನ್ ಕೆಲ ನಿಮಿಷ ಓಡಿಸಿ, ಸೋರಿಕೆಯಿಲ್ಲವೆಂದು ನೋಡಿಕೊಂಡೇ ತೋಟಕ್ಕಿಳಿಯಿರಿ.